ಬೀರೂರಿನ ಹತ್ತಿರ ಒಂದು ನಕ್ಷತ್ರ

ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ಬೆಂಗಳೂರಿನ ಗಾಡಿಗಾಗಿ ಕಾಯುವಾಗಲೆಲ್ಲ ನಾನು ಒಂದು ಲೆಕ್ಕ ಹಾಕುತ್ತೇನೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದ್ದು, ಜಗತ್ತಿನಲ್ಲೇ ಅತಿ ಉದ್ದದ್ದೆಂದು ಹೆಸರು ಪಡೆದಿದೆ. ಸೂರ್ಯನಿಂದ ಭೂಮಿಗಿರುವ ಸುಮಾರು 15 ಕೋಟಿ ಕಿಲೋಮೀಟರ್ ದೂರವನ್ನು ಒಂದು ಮೀಟರ್ ಎಂದು ಎಣಿಸಿ, ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ ಸೂರ್ಯನನ್ನು ಇಡುತ್ತೇನೆ. ಆ ಅಳತೆಯಲ್ಲಿ ಸೂರ್ಯ ಒಂದು ದೊಡ್ಡ ಕಡಲೆಕಾಳು. ಅಲ್ಲಿಂದ ಒಂದು ಮೀಟರ್ ಆಚೆ, ಕಣ್ಣಿಗೆ ಕಂಡೂ ಕಾಣದ ಧೂಳಿನ ಕಣವಾಗಿ ಭೂಮಿ. ಅದರಿಂದ ಎರಡೂವರೆ ಮಿಲಿಮೀಟರ್ ಸರಿದು ಚಂದ್ರ. ಮನುಷ್ಯ ಇದುವರೆಗೆ ತಾನೇ ಪಯಣಿಸಿ ಹೋಗಿರುವುದು ಈ ಎರಡೂವರೆ ಮಿಲಿಮೀಟರಿನ ಆಸುಪಾಸಿನವರೆಗೆ. ನೆಪ್ಚೂನ್ ಗ್ರಹ 30 ಮೀಟರಿನಲ್ಲಿ, ಅಂದರೆ ಎರಡನೆಯ ಬೋಗಿಯ ಬಾಗಿಲ ಬಳಿ. 1977ರಲ್ಲಿ ಹೊರಟು, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಇಂದಿಗೂ ಓಡುತ್ತಿರುವ ವಾಯೇಜರ್ 1 ನೌಕೆ ಏಳನೆಯ ಬೋಗಿ ಮುಗಿಯುವಲ್ಲಿ, 170 ಮೀಟರಿನ ಹತ್ತಿರ ಇದೆ. ಇದೇ ಅಳತೆಯಲ್ಲಿ ಬೆಳಕು ಸೆಕೆಂಡಿಗೆ ಎರಡು ಮಿಲಿಮೀಟರಿನಂತೆ ಬಸವನಹುಳದ ಹಾಗೆ ತೆವಳುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯನ್ನು ಹುಡುಕಲು ಹೊರಟರೆ ಪ್ಲಾಟ್‌ಫಾರ್ಮ್ ಮುಗಿದುಹೋಗುತ್ತದೆ. ಕುಂದಗೋಳ, ಹಾವೇರಿ, ರಾಣೆಬೆನ್ನೂರು, ದಾವಣಗೆರೆಗಳನ್ನು ದಾಟಿ 268 ಕಿಲೋಮೀಟರ್ ಹೋಗಬೇಕು. ಹಳಿಯ ಮೇಲೆ ಅಳೆದರೆ ಅದು ಬೀರೂರಿನ ಆಸುಪಾಸು.

ಬಸವನಹುಳದ ವೇಗದಲ್ಲಿ ಬೀರೂರಿಗೆ ಹೋಗಿ ಸೇರಲು ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಬೆಳಕಿನ ಈ ವೇಗವನ್ನು ಯಾವುದೂ ಮೀರಲಾರದ್ದರಿಂದ, ಅದಕ್ಕಿಂತ ಬೇಗ ಯಾರೂ ಅಲ್ಲಿಂದ ಇಲ್ಲಿಗೆ ಬರಲಾರರು, ಇಲ್ಲಿಂದ ಅಲ್ಲಿಗೆ ಹೋಗಲಾರರು. ವೈಜ್ಞಾನಿಕ ಕಾದಂಬರಿಗಳನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಓದುತ್ತ ಬಂದಿರುವ ನನಗೆ, ಅನ್ಯಲೋಕದವರು ಭೂಮಿಗೆ ದಂಡೆತ್ತಿ ಬರುವ ಕಥೆಗಳೂ ಮನುಷ್ಯರು ಬಾಹ್ಯಾಕಾಶದಲ್ಲಿ ದೂರ ಪ್ರಯಾಣ ಮಾಡುವ ಕಥೆಗಳೂ ಸಮಾನವಾಗಿ ಪ್ರಿಯವಾದವು. ಆದರೆ ಈ ದೂರವನ್ನು ಲೇಖಕ ಎಷ್ಟು ಪ್ರಾಮಾಣಿಕವಾಗಿ ನಡೆಸಿಕೊಂಡಿದ್ದಾನೆ ಎಂಬುದರ ಮೇಲೆಯೇ ನಾನು ಈ ಎರಡೂ ಬಗೆಯ ಕಾದಂಬರಿಗಳನ್ನು ತೂಗುತ್ತೇನೆ. ದೂರವನ್ನು ಒಂದು ವಾಕ್ಯದಲ್ಲಿ ಹಾರಿಸಿಬಿಟ್ಟ ಕಾದಂಬರಿಯಲ್ಲಿ ಭಯವೂ ಹಗುರ, ಸಾಹಸವೂ ಹಗುರ.

ಗದಗಿನಲ್ಲಿ ಹೈಸ್ಕೂಲು ಓದುತ್ತಿದ್ದಾಗ ಬೇಸಿಗೆಯ ರಜೆಗೆ ನರಗುಂದದ ಹತ್ತಿರದ ಅಜ್ಜನ ಊರಿಗೆ ಹೋಗುತ್ತಿದ್ದೆ. ಎಚ್. ಜಿ. ವೆಲ್ಸ್ ಬರೆದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯ ಸಂಕ್ಷಿಪ್ತ ಪ್ರತಿಯೊಂದನ್ನು ಅಂಥದೊಂದು ರಜೆಯಲ್ಲಿ, ಪಡಸಾಲೆಯ ಕಂಬಕ್ಕೆ ಒರಗಿ ಓದಿದೆ. ಮಂಗಳ ಗ್ರಹದಿಂದ ಹಾರಿಬಂದ ಲೋಹದ ಸಿಲಿಂಡರುಗಳು ಇಂಗ್ಲೆಂಡಿನ ವೋಕಿಂಗ್ ಊರಿನ ಬಳಿಯ ಬಯಲಿನಲ್ಲಿ ಬೀಳುತ್ತವೆ. ಒಳಗಿನಿಂದ ಹೊರಬಂದವರು ಮೂರು ಕಾಲಿನ ಯಂತ್ರಗಳನ್ನೇರಿ, ಶಾಖದ ಕಿರಣದಿಂದ ಊರುಗಳನ್ನು ಸುಡುತ್ತ ಲಂಡನ್ನಿನ ಕಡೆಗೆ ನಡೆಯುತ್ತಾರೆ. ಎದುರು ನಿಂತ ಇಂಗ್ಲಿಷ್ ಸೈನ್ಯದ ಫಿರಂಗಿಗಳು ಬಹುಮಟ್ಟಿಗೆ ಕೆಲಸಕ್ಕೆ ಬಾರದೆ ಹೋಗುತ್ತವೆ. ನನಗೆ ವೋಕಿಂಗ್ ಎಲ್ಲಿದೆಯೆಂದು ತಿಳಿದಿರಲಿಲ್ಲ. ಆದ್ದರಿಂದ ಕಣ್ಣೆದುರಿಗಿದ್ದ ನರಗುಂದದ ಗುಡ್ಡದ ಬುಡದಲ್ಲಿಯೇ, ಎರೆಹೊಲಗಳ ನಡುವೆ, ಆ ಸಿಲಿಂಡರುಗಳನ್ನು ಬೀಳಿಸಿಕೊಂಡೆ.

ಆ ಗುಡ್ಡದ ಮೇಲಿನ ಕೋಟೆಯ ಕಥೆ ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಾದದ್ದೇನಲ್ಲ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಭಾವೆಯವರು ಕಂಪನಿ ಸರ್ಕಾರದ ವಿರುದ್ಧ ಎದ್ದರು. ಮೇ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ. ಜೂನ್ ಮೊದಲ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಮಂಗಳದವರು ಲಂಡನ್ನಿಗೆ ನುಗ್ಗುವ ಪುಟಗಳನ್ನು ಓದುತ್ತಿದ್ದ ಹುಡುಗನಿಗೆ ಒಂದು ವಿಚಿತ್ರ ಗೊಂದಲವಾಯಿತು: ಇಲ್ಲಿ ಸೋಲುತ್ತಿರುವವರ ಕಡೆಗೆ ನಿಲ್ಲಬೇಕು, ಆದರೆ ಸೋಲುತ್ತಿರುವವರು ಅವರೇ, ನಮ್ಮ ಗುಡ್ಡದ ಕೋಟೆಯನ್ನು ಕೆಡವಿದವರ ಮೊಮ್ಮಕ್ಕಳು. ಮುಂದೆ ಕಾಲೇಜಿನಲ್ಲಿ ಪೂರ್ಣ ಪಾಠ ಸಿಕ್ಕಿದಾಗ, ವೆಲ್ಸ್ ಈ ಗೊಂದಲವನ್ನು ಮೊದಲ ಅಧ್ಯಾಯದಲ್ಲಿಯೇ ತಾನಾಗಿ ಎತ್ತಿಕೊಂಡಿರುವುದು ಕಂಡಿತು. ಮಂಗಳದವರನ್ನು ಕ್ರೂರಿಗಳೆಂದು ತೀರ್ಮಾನಿಸುವ ಮೊದಲು, ಐರೋಪ್ಯ ವಲಸಿಗರು ಟಾಸ್ಮೇನಿಯಾದ ಜನರನ್ನು ಐವತ್ತೇ ವರ್ಷಗಳಲ್ಲಿ ಏನು ಮಾಡಿದರೆಂಬುದನ್ನು ನೆನೆಯಿರಿ ಎಂದು ಆತ ತನ್ನ ಓದುಗರಿಗೆ ನೇರವಾಗಿ ಹೇಳುತ್ತಾನೆ. ಸಾಮ್ರಾಜ್ಯ ತನ್ನ ತುತ್ತತುದಿಯಲ್ಲಿದ್ದ ಕಾಲದಲ್ಲಿ ತನ್ನದೇ ಜನರಿಗೆ ಆ ಮಾತು ಹೇಳಲು ದೊಡ್ಡ ಎದೆ ಬೇಕು. ಆ ಒಂದು ಪರಿಚ್ಛೇದಕ್ಕಾಗಿ ನಾನು ಆತನನ್ನು ಇಂದಿಗೂ ಗೌರವಿಸುತ್ತೇನೆ.

ಆದರೂ ಕಿತ್ತೂರು, ನರಗುಂದಗಳ ಸೀಮೆಯಲ್ಲಿ ಬೆಳೆದವನಿಗೆ ಆಕ್ರಮಣದ ಕಾದಂಬರಿಗಳಲ್ಲಿ ಒಂದು ಕೊರತೆ ಕಾಣುತ್ತದೆ. ಅಲ್ಲಿ ಆಕ್ರಮಣವೆಂದರೆ ಮೊದಲ ದಿನವೇ ಬೆಂಕಿ. ನಮ್ಮಲ್ಲಿ ಅದು ಮೊದಲು ಕಾಗದವಾಗಿ ಬಂತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಒಪ್ಪುವುದಿಲ್ಲವೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕಚೇರಿಯಿಂದ ಮಾತು ಹೊರಟಿತು, ಖಜಾನೆಗೆ ಬೀಗಮುದ್ರೆ ಬಿತ್ತು, ಯುದ್ಧ ಆಮೇಲಿನದು. ನರಗುಂದದಲ್ಲಿಯೂ ದತ್ತಕದ ಅರ್ಜಿಯೇ ತಿರಸ್ಕೃತವಾಗಿತ್ತು. ಯಾರ ಮಗ ವಾರಸುದಾರ, ಯಾರ ಮನೆಯಲ್ಲಿ ಆಯುಧವಿರಬಹುದು ಎಂಬುದನ್ನು ಬೇರೆಯವರು ತೀರ್ಮಾನಿಸಲು ತೊಡಗಿದಾಗಲೇ ಆಕ್ರಮಣ ಮುಗಿದಿರುತ್ತದೆ, ಫಿರಂಗಿ ಅದನ್ನು ಸಾರುತ್ತದೆ, ಅಷ್ಟೆ. ಇದನ್ನು ಹಿಡಿದ ಕಾದಂಬರಿಗಳಲ್ಲಿ ನನಗೆ ಮುಖ್ಯವೆನಿಸುವುದು ಆರ್ಥರ್ ಸಿ. ಕ್ಲಾರ್ಕ್ 1953ರಲ್ಲಿ ಪ್ರಕಟಿಸಿದ 'ಚೈಲ್ಡ್‌ಹುಡ್ಸ್ ಎಂಡ್'. ಅದರಲ್ಲಿ ದೊಡ್ಡ ನೌಕೆಗಳು ನಗರಗಳ ಮೇಲೆ ಬಂದು ನಿಲ್ಲುತ್ತವೆ, ದಾಳಿ ನಡೆಯುವುದಿಲ್ಲ, ಬಂದವರು ತಮ್ಮ ಮುಖವನ್ನು ಐವತ್ತು ವರ್ಷ ತೋರಿಸದೆ, ಶಾಂತಿಯನ್ನೂ ಸಮೃದ್ಧಿಯನ್ನೂ ಕೊಟ್ಟು, ಆಡಳಿತ ನಡೆಸುತ್ತಾರೆ. ಅದನ್ನು ಓದಿದಾಗ ನನಗಾದ ತಳಮಳ ಶಾಖದ ಕಿರಣದಿಂದ ಆದದ್ದಕ್ಕಿಂತ ಆಳವಾದದ್ದು.

ವೆಲ್ಸನ ಕಾದಂಬರಿಯ ಅಂತ್ಯ ಎಲ್ಲರಿಗೂ ಗೊತ್ತಿರುವಂಥದ್ದು. ಮನುಷ್ಯನ ಯಾವ ಆಯುಧವೂ ತಡೆಯದ ಮಂಗಳದವರನ್ನು ಭೂಮಿಯ ಸೂಕ್ಷ್ಮಜೀವಿಗಳು ಕೊಲ್ಲುತ್ತವೆ. ಕಾದಂಬರಿ 1897ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕವಾಯಿತು. ಅದೇ 1898ರಲ್ಲಿ ಹುಬ್ಬಳ್ಳಿ ಪ್ಲೇಗಿನ ಹಿಡಿತದಲ್ಲಿತ್ತು. ಮುಂಬಯಿಯಲ್ಲಿ ಹಾಫ್‌ಕಿನ್ ತಯಾರಿಸಿದ ಹೊಸ ಲಸಿಕೆಯನ್ನು ಇಲ್ಲಿನ ಸಾವಿರಾರು ಜನರಿಗೆ ಚುಚ್ಚಲಾಗುತ್ತಿತ್ತು. ಲಂಡನ್ನಿನ ಓದುಗರಿಗೆ ಸೂಕ್ಷ್ಮಜೀವಿ ಕಾಪಾಡುವ ಮಿತ್ರನಾಗಿ ಕಾಣುತ್ತಿದ್ದ ವರ್ಷದಲ್ಲಿ, ಹಡಗು ಮತ್ತು ರೈಲುಗಳ ದಾರಿ ಹಿಡಿದು ಬಂದ ಸೂಕ್ಷ್ಮಜೀವಿಯೊಂದು ಇಲ್ಲಿ ಓಣಿಗಳನ್ನು ಬರಿದು ಮಾಡುತ್ತಿತ್ತು. ಚರಿತ್ರೆಯಲ್ಲಿ ರೋಗಾಣುಗಳು ಆಕ್ರಮಣಕಾರನ ವಿರುದ್ಧ ನಿಂತದ್ದಕ್ಕಿಂತ ಆತನ ಕಡೆಗೆ ದುಡಿದದ್ದೇ ಹೆಚ್ಚು. ಅಮೆರಿಕ ಖಂಡಗಳ ಮೂಲನಿವಾಸಿಗಳನ್ನು ಸಿಡುಬು ಕೊಂದಷ್ಟು ಸ್ಪೇನಿನ ಕತ್ತಿ ಕೊಲ್ಲಲಿಲ್ಲ. ದೂರದಿಂದ ಬರುವವರ ಜೊತೆಗೆ ರೋಗವೂ ಬರುತ್ತದೆ, ಬೀಜವೂ ಬರುತ್ತದೆ. ಬ್ಯಾಡಗಿಯ ಪೇಟೆಯನ್ನು ಕೆಂಪಾಗಿಸುವ ಮೆಣಸಿನಕಾಯಿಯೂ ನಮ್ಮ ಚಟ್ನಿಯ ಶೇಂಗಾವೂ ಅಮೆರಿಕ ಖಂಡಗಳಿಂದ ಕಡಲು ದಾಟಿ ಬಂದವು.

ವೆಲ್ಸನ ಕಾಲಕ್ಕೆ ಆ ಕಾದಂಬರಿ ವಾಸ್ತವಕ್ಕೆ ದೂರವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಮಂಗಳದ ಮೇಲೆ ಕಾಲುವೆಗಳಿವೆಯೆಂದು ಗಂಭೀರ ಖಗೋಳಜ್ಞರು ಕೆಲವರು ನಂಬಿದ್ದ ಕಾಲ ಅದು. ಮುದಿಯಾಗಿ ತಣಿಯುತ್ತಿರುವ ಗ್ರಹವೊಂದರ ಜೀವಿಗಳು ಪಕ್ಕದ ಎಳೆಯ ಗ್ರಹದ ಮೇಲೆ ಕಣ್ಣಿಡುವುದು ಅಸಂಗತವೆನಿಸುತ್ತಿರಲಿಲ್ಲ. ನನ್ನ ಪ್ಲಾಟ್‌ಫಾರ್ಮಿನ ಅಳತೆಯಲ್ಲಿ ಮಂಗಳ ನಮಗೆ ತೀರ ಹತ್ತಿರ ಬಂದಾಗ ಅರ್ಧ ಮೀಟರಿನಷ್ಟೂ ದೂರವಿರುವುದಿಲ್ಲ. ಆದರೆ 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕದಿಂದ ಹಾದುಹೋಗುತ್ತ ಇಪ್ಪತ್ತೊಂದು ಇಪ್ಪತ್ತೆರಡು ಚಿತ್ರಗಳನ್ನು ತೆಗೆದು ಕಳಿಸಿತು. ಅವುಗಳಲ್ಲಿ ಕಾಲುವೆ ಇರಲಿಲ್ಲ, ಹಸಿರಿರಲಿಲ್ಲ. ಚಂದ್ರನ ಮೇಲಿರುವಂತಹ ಕುಳಿಗಳಿದ್ದವು. ಆ ಕೆಲವೇ ವಾರಗಳಲ್ಲಿ ಸಾಹಿತ್ಯದ ಆಕ್ರಮಣಕಾರರು ತಮ್ಮ ಹತ್ತಿರದ ಮನೆಯನ್ನು ಕಳೆದುಕೊಂಡರು. ಇನ್ನು ಮುಂದೆ ಬರುವವರು ನಕ್ಷತ್ರಗಳಿಂದಲೇ ಬರಬೇಕು. ಅರ್ಧ ಮೀಟರಿನ ಆಚೆ ಇದ್ದ ವೈರಿ ಒಮ್ಮೆಲೇ ಬೀರೂರಿಗೆ ಹೋಗಿ ನಿಂತ. ಬಹುಪಾಲು ಲೇಖಕರು ಮಾತ್ರ ಆತ ಇನ್ನೂ ಪಕ್ಕದ ಮನೆಯಲ್ಲಿಯೇ ಇದ್ದಾನೆಂಬಂತೆ ಬರೆಯುತ್ತ ಹೋದರು.

ಈ ದೂರ ಏನು ಕೇಳುತ್ತದೆ ಎಂಬುದನ್ನು ನಾನು ನನ್ನ ಅಜ್ಜನ ಚಕ್ಕಡಿಯಿಂದ ಅರ್ಥ ಮಾಡಿಕೊಂಡೆ. ಹಿಂದೆ ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವಾಗ ಎತ್ತುಗಳಿಗೆ ಬೇಕಾದ ಕಣಿಕೆಯನ್ನೂ ಹೊಟ್ಟನ್ನೂ ಅದೇ ಚಕ್ಕಡಿಯಲ್ಲಿ ಹೇರುತ್ತಿದ್ದರು. ದಾರಿಯಲ್ಲಿ ಎಲ್ಲಿಯೂ ಮೇವು ಸಿಗುವುದಿಲ್ಲ ಎಂದುಕೊಳ್ಳೋಣ. ದಾರಿ ಉದ್ದವಾದಷ್ಟೂ ಮೇವು ಹೆಚ್ಚು ಬೇಕು. ಆ ಹೆಚ್ಚಿನ ಮೇವನ್ನು ಎಳೆಯಲು ಎತ್ತು ಇನ್ನಷ್ಟು ತಿನ್ನಬೇಕು. ಅದಕ್ಕೆ ಮತ್ತಷ್ಟು ಮೇವು. ರಾಕೆಟ್ಟಿನ ಪಾಡು ಇದೇ. ರಷ್ಯಾದ ಶಾಲಾ ಶಿಕ್ಷಕ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣ ಇದನ್ನೇ ಗಣಿತದಲ್ಲಿ ಹೇಳುತ್ತದೆ. ವೇಗ ಇಮ್ಮಡಿಯಾಗಬೇಕೆಂದರೆ ಇಂಧನ ಇಮ್ಮಡಿಯಾದರೆ ಸಾಲದು, ಹೊರಡುವಾಗಿನ ತೂಕಕ್ಕೂ ಮುಟ್ಟುವಾಗಿನ ತೂಕಕ್ಕೂ ಇರುವ ಅನುಪಾತ ವರ್ಗವಾಗಿ ಬೆಳೆಯುತ್ತದೆ. ಜಲಜನಕ ಮತ್ತು ಆಮ್ಲಜನಕವನ್ನು ಉರಿಸುವ ಉತ್ತಮ ರಾಕೆಟ್ಟಿನ ಹೊಗೆ ಸೆಕೆಂಡಿಗೆ ನಾಲ್ಕೂವರೆ ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಅಂಥ ರಾಕೆಟ್ಟಿನಿಂದಲೇ ಬೆಳಕಿನ ವೇಗದ ನೂರನೆಯ ಒಂದು ಭಾಗವನ್ನು ಮುಟ್ಟಬೇಕೆಂದರೆ, ಕಾಣುವ ವಿಶ್ವದಲ್ಲಿರುವ ಎಲ್ಲ ವಸ್ತುವನ್ನು ಇಂಧನ ಮಾಡಿದರೂ ಸಾಲುವುದಿಲ್ಲ. ನಮ್ಮ ಚಂದ್ರಯಾನ 3 ನೌಕೆ 2023ರ ಜುಲೈ 14ರಂದು ಹೊರಟು ಆಗಸ್ಟ್ 23ರಂದು ಇಳಿದದ್ದು ಈ ಲೆಕ್ಕದಿಂದಲೇ. ನಾಲ್ಕೇ ದಿನದಲ್ಲಿ ಚಂದ್ರನನ್ನು ಮುಟ್ಟಿದ ಅಪೊಲೊ 11ರ ಬೆನ್ನಿಗೆ 110 ಮೀಟರ್ ಎತ್ತರದ ಸ್ಯಾಟರ್ನ್ 5 ಇತ್ತು. ನಾವು ಮೇವು ಕಡಿಮೆ ಹೇರಿ, ಭೂಮಿಯ ಸುತ್ತ ಸುತ್ತಿಸುತ್ತಿ ಕಕ್ಷೆಯನ್ನು ಎತ್ತರಿಸಿಕೊಂಡು, ದಿನಗಳನ್ನು ಕೊಟ್ಟು ತೂಕವನ್ನು ಉಳಿಸಿದೆವು.

ಅಣುಶಕ್ತಿಯೋ ಬೇರೊಂದೋ ಸಿಕ್ಕಿ, ಬೆಳಕಿನ ಹತ್ತನೆಯ ಒಂದು ಭಾಗದ ವೇಗದಲ್ಲಿ ಬರಬಲ್ಲವರಿದ್ದಾರೆ ಎಂದುಕೊಳ್ಳೋಣ. ಆ ವೇಗದಲ್ಲಿ ಓಡುವ ಒಂದೇ ಒಂದು ಕಿಲೋಗ್ರಾಂ ಕಬ್ಬಿಣದಲ್ಲಿ ಹಿರೋಶಿಮಾದ ಬಾಂಬಿನ ಏಳು ಪಟ್ಟು ಶಕ್ತಿ ತುಂಬಿರುತ್ತದೆ. ಸಾವಿರ ಟನ್ ತೂಕದ ನೌಕೆಯನ್ನು ಆ ವೇಗಕ್ಕೇರಿಸಿ ಮತ್ತೆ ನಿಲ್ಲಿಸುವುದಕ್ಕೆ ಇಡೀ ಮನುಕುಲ ಒಂದು ವರ್ಷದಲ್ಲಿ ಬಳಸುವಷ್ಟು ಶಕ್ತಿ ಕನಿಷ್ಠ ಬೇಕು. ಇಷ್ಟು ಶಕ್ತಿಯ ಒಡೆಯರಾದವರಿಗೆ ಬೀದಿಬೀದಿಯಲ್ಲಿ ನಿಂತು ಸೈನಿಕರೊಂದಿಗೆ ಕಾದಾಡುವ ಅಗತ್ಯವೇ ಇಲ್ಲ. ಒಂದು ಬಂಡೆಯ ದಾರಿಯನ್ನು ತಿರುಗಿಸಿದರೆ ಸಾಕು. ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಹತ್ತು ಕಿಲೋಮೀಟರ್ ಅಡ್ಡಳತೆಯ ಕ್ಷುದ್ರಗ್ರಹವೊಂದು ಮೆಕ್ಸಿಕೋದ ಕರಾವಳಿಯಲ್ಲಿ ಬಿದ್ದು ಡೈನೋಸಾರುಗಳ ಯುಗವನ್ನು ಮುಗಿಸಿತು, ಅದನ್ನು ಯಾರೂ ತಳ್ಳಿರಲೂ ಇಲ್ಲ.

ಇನ್ನು ಅವರಿಗೆ ನಮ್ಮಲ್ಲಿ ಏನು ಬೇಕಾಗಿದೆ ಎಂಬ ಪ್ರಶ್ನೆ. ನೀರಿಗಾಗಿ ಬರುತ್ತಾರೆ ಎಂದು ಬರೆದವರನ್ನು ನಾನು ಕ್ಷಮಿಸಲಾರೆ. ಗುರುವಿನ ಉಪಗ್ರಹವಾದ ಯುರೋಪಾದ ಹಿಮದ ಕೆಳಗೆ ಭೂಮಿಯ ಎಲ್ಲ ಸಾಗರಗಳ ಎರಡು ಪಟ್ಟು ನೀರಿದೆಯೆಂದು ಅಂದಾಜು. ಧೂಮಕೇತುಗಳಲ್ಲಿ, ಶನಿಯ ಬಳೆಗಳಲ್ಲಿ ಹಿಮ ರಾಶಿರಾಶಿಯಾಗಿದೆ. ನಕ್ಷತ್ರದಿಂದ ನಕ್ಷತ್ರಕ್ಕೆ ದಾಟಿ ಬಂದವರು ಅದನ್ನೆಲ್ಲ ಬಿಟ್ಟು, ಭೂಮಿಯ ಗುರುತ್ವದ ಬಾವಿಗಿಳಿದು ನೀರು ಸೇದುವುದಿಲ್ಲ. ನರಗುಂದದಲ್ಲಿ 2015ರಿಂದ ಮಹದಾಯಿ ನೀರಿಗಾಗಿ ಧರಣಿ ಕುಳಿತ ರೈತರನ್ನು ನಾನು ಕಂಡಿದ್ದೇನೆ. ನೀರಿನ ಜಗಳ ಯಾವಾಗಲೂ ಒಂದೇ ಗುಡ್ಡದ ಎರಡು ಮಗ್ಗುಲಲ್ಲಿರುವವರ ನಡುವಿನದು. ಅದನ್ನು ನಕ್ಷತ್ರದಾಚೆಯ ವೈರಿಯ ತಲೆಗೆ ಕಟ್ಟಿದರೆ ಕಾದಂಬರಿಗೂ ನಷ್ಟ, ಜಗಳದ ಸತ್ಯಕ್ಕೂ ನಷ್ಟ.

ವಾಸ್ತವದ ಬಾಹ್ಯಾಕಾಶ ಪ್ರಯಾಣವೆಂದರೆ ನನ್ನ ಕಣ್ಣಿಗೆ ಈಗ ಬರುವ ಚಿತ್ರ ಮೆಂತೆ ಮತ್ತು ಹೆಸರುಕಾಳಿನದು. 2025ರ ಜೂನ್ 25ರಂದು ಹೊರಟ ಆಕ್ಸಿಯಂ 4 ಯಾನದಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಧಾರವಾಡದ ಐಐಟಿಯ ಜೊತೆ ಸೇರಿ ರೂಪಿಸಿದ ಪ್ರಯೋಗವೊಂದು ಅವರೊಂದಿಗಿತ್ತು. ಸಣ್ಣ ತಟ್ಟೆಗಳಲ್ಲಿ ಮೆಂತೆಯನ್ನೂ ಹೆಸರನ್ನೂ ಮೊಳಕೆಯೊಡೆಸಿ, ಶೈತ್ಯಪೆಟ್ಟಿಗೆಯಲ್ಲಿಟ್ಟು, ಭೂಮಿಗೆ ಮರಳಿ ತರುವುದು. ಭಾರವಿಲ್ಲದ ಸ್ಥಿತಿಯಲ್ಲಿ ಮೊಳಕೆ ಹೇಗೆ ಬರುತ್ತದೆ, ಅದರ ಪೋಷಕಾಂಶ ಏನಾಗುತ್ತದೆ ಎಂದು ನೋಡುವುದು. ಆ ಸುದ್ದಿ ಬಂದ ದಿನ ನಮ್ಮ ಮನೆಯ ಅಡುಗೆಕೋಣೆಯಲ್ಲಿಯೂ ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿಟ್ಟಿತ್ತು. ಅದನ್ನು ಬಿಚ್ಚಿ ನೋಡುತ್ತ ನಾನು ಬಹಳ ಹೊತ್ತು ನಿಂತೆ. ದಿನಕ್ಕೆ ಹದಿನಾರು ಬಾರಿ ಭೂಮಿಯನ್ನು ಸುತ್ತುವ ಮನೆಯೊಂದರಲ್ಲಿ, ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯದೆ, ಇದೇ ಕಾಳು ಬೇರನ್ನು ಎತ್ತ ಕಡೆಗೆ ಚಾಚಿರಬಹುದು?

ದೂರ ಪ್ರಯಾಣದ ಕಾದಂಬರಿಯ ಜೀವ ಇರುವುದು ಇಂಥ ಪ್ರಶ್ನೆಗಳಲ್ಲಿ. ನಮ್ಮ ಕಡೆಯ ಹೆಂಗಸರು ಊರು ಬಿಟ್ಟು ಓದಲು ಹೋಗುವ ಮಕ್ಕಳಿಗೆ ಖಡಕ್ ರೊಟ್ಟಿಯನ್ನು ಬಡಿದು, ತಿಂಗಳು ಕೆಡದಂತೆ ಒಣಗಿಸಿ, ಶೇಂಗಾ ಚಟ್ನಿಯೊಂದಿಗೆ ಕಟ್ಟಿಕೊಡುತ್ತಾರೆ. ಎಷ್ಟು ದಿನ, ಎಷ್ಟು ಹೊಟ್ಟೆ, ಎಷ್ಟು ತೂಕ, ಯಾವುದು ಮೊದಲು ಬೂಸಲು ಹಿಡಿಯುತ್ತದೆ ಎಂಬ ಅವರ ಲೆಕ್ಕವೇ ಮಂಗಳಕ್ಕೆ ಮನುಷ್ಯರನ್ನು ಕಳಿಸುವ ಯೋಜನೆಯ ಲೆಕ್ಕವೂ ಹೌದು. ಭೂಮಿಯಿಂದ ಮಂಗಳಕ್ಕೆ ಹೊರಡಲು ಅನುಕೂಲವಾದ ಕಾಲ 26 ತಿಂಗಳಿಗೊಮ್ಮೆ ಬರುತ್ತದೆ. ದಾರಿ ಏಳೆಂಟು ತಿಂಗಳಿನದು. ಭಾರವಿಲ್ಲದ ಸ್ಥಿತಿಯಲ್ಲಿ ಸೊಂಟ ಮತ್ತು ಕಾಲಿನ ಮೂಳೆಗಳು ತಿಂಗಳಿಗೆ ಶೇಕಡಾ 1ರ ಆಸುಪಾಸಿನಲ್ಲಿ ಸವೆಯುತ್ತವೆ. ಒಬ್ಬರು ಕರೆದರೆ ಮತ್ತೊಬ್ಬರಿಗೆ ಆ ದನಿ ಮುಟ್ಟಲು 3ರಿಂದ 22 ನಿಮಿಷ ಹಿಡಿಯುತ್ತದೆ. ಮಂಗಳದಲ್ಲಿ ಒಬ್ಬನೇ ಉಳಿದವನು ಆಲೂಗಡ್ಡೆ ಬೆಳೆದು ಬದುಕುವ ಆಂಡಿ ವೀರ್ ಅವರ 'ದಿ ಮಾರ್ಷಿಯನ್' ಕಾದಂಬರಿಯನ್ನು ನಾನು ಎರಡು ಬಾರಿ ಓದಿದ್ದೇನೆ. ಕಥೆಯನ್ನು ಆರಂಭಿಸುವ ಬಿರುಗಾಳಿ ಮಾತ್ರ ಸುಳ್ಳು. ಮಂಗಳದ ಗಾಳಿಯ ಒತ್ತಡ ಭೂಮಿಯದರ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ, ಅದು ನೌಕೆಯನ್ನು ಅಲುಗಾಡಿಸಲಾರದು. ಆದರೆ ಕ್ಯಾಲೊರಿಗಳನ್ನು ಎಣಿಸುತ್ತ, ನೀರನ್ನು ತೊಟ್ಟುತೊಟ್ಟಾಗಿ ಉತ್ಪಾದಿಸುತ್ತ ಹೋಗುವ ಅದರ ನಡುವಿನ ಪುಟಗಳನ್ನು ಮಳೆಯಾಧಾರಿತ ಹೊಲವಿರುವ ಯಾವ ರೈತನೂ ಅರ್ಥ ಮಾಡಿಕೊಳ್ಳುತ್ತಾನೆ. ಬಿತ್ತನೆಯ ಕಾಳನ್ನು ತಿಂದು ಈ ವರ್ಷ ಉಳಿಯಬೇಕೆ, ಉಪವಾಸ ಬಿದ್ದು ಮುಂದಿನ ವರ್ಷಕ್ಕೆ ಕಾಯ್ದಿಡಬೇಕೆ ಎಂಬುದು ನಮ್ಮ ಬರಗಾಲಗಳ ಪ್ರಶ್ನೆ.

ದಂಡಯಾತ್ರೆಯ ಕಥೆಯನ್ನೂ ದೂರದ ಸತ್ಯವನ್ನೂ ಒಂದೇ ನೊಗಕ್ಕೆ ಕಟ್ಟಿದ ಕಾದಂಬರಿ ಚೀನಾದಿಂದ ಬಂತು. ಲಿಯು ಸಿಶಿನ್ ಅವರ 'ದಿ ತ್ರೀ ಬಾಡಿ ಪ್ರಾಬ್ಲಂ' 2008ರಲ್ಲಿ ಚೀನೀ ಭಾಷೆಯಲ್ಲಿ ಪುಸ್ತಕವಾಗಿ, 2014ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರಲ್ಲಿ ಅತಿ ಹತ್ತಿರದ ನಕ್ಷತ್ರಮಂಡಲದಿಂದಲೇ ನೌಕಾಪಡೆ ಹೊರಟಿರುತ್ತದೆ. ಆದರೆ ಅದು ಭೂಮಿಯನ್ನು ತಲುಪಲು ಸುಮಾರು 450 ವರ್ಷ ಬೇಕು. ವೈರಿ ಬರುವುದು ಖಚಿತ, ಇಂದು ಬದುಕಿರುವ ಯಾರೂ ಆತನ ಮುಖವನ್ನು ನೋಡುವುದಿಲ್ಲ. ಈ ಒಂದು ಕಲ್ಪನೆ ಎದುರಿಗೆ ಬಂದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ನಡೆಯಲು ಹೋದದ್ದು ನೆನಪಿದೆ. 450 ವರ್ಷಗಳ ಹಿಂದೆ ಇಲ್ಲಿ ಏನಿತ್ತು? ತಾಳಿಕೋಟೆಯ ಯುದ್ಧ ಮುಗಿದು ಒಂದು ದಶಕದ ಮೇಲೆ ಸ್ವಲ್ಪವೇ ಆಗಿತ್ತು. ಆಗ ಹೊರಟ ಪಡೆ ಇಂದು ಬೆಳಿಗ್ಗೆ ಬಂದಿಳಿಯುತ್ತದೆ ಎಂದುಕೊಂಡರೆ, ಅದರ ಸುದ್ದಿಯನ್ನು ಅಂದು ಕೇಳಿದ ಲಕ್ಕುಂಡಿಯ ಅಥವಾ ಅಣ್ಣಿಗೇರಿಯ ಒಬ್ಬ ಒಕ್ಕಲಿಗ ಏನು ಮಾಡುತ್ತಿದ್ದ? ಹೊಲದ ಬದುವಿನ ಮೇಲೆ ಮಾವಿನ ಸಸಿ ನೆಡುತ್ತಿದ್ದನೆ? ಭಾವಿಯನ್ನು ತೋಡಿಸುತ್ತಿದ್ದನೆ? ಆತನ ಭಯ ಮಗನಿಗೆ, ಮೊಮ್ಮಗನಿಗೆ, ಹದಿನೆಂಟು ತಲೆಮಾರಿಗೆ ಯಾವ ರೂಪದಲ್ಲಿ ಇಳಿದುಬರುತ್ತಿತ್ತು? ಬಹುಶಃ ಲಾವಣಿಯಾಗಿ, ಹರಕೆಯಾಗಿ, ಕೊನೆಗೆ ಯಾವ ಕಾರಣಕ್ಕೆಂದು ಯಾರಿಗೂ ನೆನಪಿಲ್ಲದ ಒಂದು ಜಾತ್ರೆಯಾಗಿ.

ಆ ಕಾದಂಬರಿಯ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ನಕ್ಷತ್ರಗಳ ನಡುವೆ ಕ್ಷಣಾರ್ಧದಲ್ಲಿ ಸಂದೇಶ ಕಳಿಸುವ ಉಪಕರಣವೊಂದನ್ನು ಅದು ಬಳಸುತ್ತದೆ. ನಮಗೆ ತಿಳಿದಿರುವ ಭೌತಶಾಸ್ತ್ರ ಅದಕ್ಕೆ ಅವಕಾಶ ಕೊಡುವುದಿಲ್ಲ. ಪಡೆಯ ನಿಧಾನವನ್ನು ಅಷ್ಟು ನಿಷ್ಠೆಯಿಂದ ಉಳಿಸಿಕೊಂಡ ಲೇಖಕ ಮಾತಿನ ನಿಧಾನವನ್ನೂ ಉಳಿಸಿಕೊಂಡಿದ್ದರೆ ಎಷ್ಟು ಚೆನ್ನಿತ್ತು ಎನಿಸುತ್ತದೆ. ಕ್ಲಾರ್ಕ್ ತಮ್ಮ 1973ರ 'ರೆಂಡೆಜ್ವಸ್ ವಿತ್ ರಾಮಾ' ಕಾದಂಬರಿಯಲ್ಲಿ ಇನ್ನೂ ಕಠಿಣವಾದ ದಾರಿಯನ್ನು ಹಿಡಿದರು. ಸೂರ್ಯಮಂಡಲದೊಳಗೆ 50 ಕಿಲೋಮೀಟರ್ ಉದ್ದದ ಕೊಳವೆಯೊಂದು ಬರುತ್ತದೆ. ಮನುಷ್ಯರು ಅದರೊಳಗೆ ಹೋಗಿ ನೋಡುತ್ತಾರೆ. ಅದು ಅವರನ್ನು ಗಮನಿಸದೆ ತನ್ನ ದಾರಿಯಲ್ಲಿ ಹೊರಟುಹೋಗುತ್ತದೆ. 2017ರ ಅಕ್ಟೋಬರಿನಲ್ಲಿ ಹವಾಯಿಯ ದೂರದರ್ಶಕ ಔಮುವಾಮುವಾ ಎಂಬ ಕಾಯವನ್ನು ಪತ್ತೆ ಮಾಡಿದಾಗ, ಬೇರೆ ನಕ್ಷತ್ರದ ಕಡೆಯಿಂದ ಬಂದ ಅತಿಥಿಯನ್ನು ಮನುಷ್ಯ ಮೊದಲ ಬಾರಿಗೆ ಕಂಡ. ಕಾಣುವ ಹೊತ್ತಿಗೆ ಅದು ಆಗಲೇ ಸೂರ್ಯನನ್ನು ಬಳಸಿ ಹಿಂದಿರುಗುತ್ತಿತ್ತು. ದಂಡೆತ್ತಿ ಬರುವವರಿಗಿಂತ, ನಮ್ಮ ಊರಿನಲ್ಲಿ ನಿಲ್ಲದೆ ಹಾದುಹೋಗುವವರ ಸಾಧ್ಯತೆ ಹೆಚ್ಚು. ಗದಗಿನ ಹತ್ತಿರದ ಸಣ್ಣ ಸ್ಟೇಷನ್ನುಗಳಲ್ಲಿ ನಿಂತು ಎಕ್ಸ್‌ಪ್ರೆಸ್ ಗಾಡಿಗಳನ್ನು ನೋಡಿದವರಿಗೆ ಆ ಅನುಭವದ ಪರಿಚಯವಿದೆ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆಗಳಿಗೆ ದಾರಿ ಮಾಡಿಕೊಟ್ಟಿದ್ದಾರೆ. ನಾನು ಇನ್ನೂ ಕಾಯುತ್ತಿರುವುದು ಈ ದೂರವನ್ನು ನಮ್ಮ ನೆಲದ ಮೇಲೆ ನಿಂತು ಅಳೆಯುವ ಒಂದು ದೊಡ್ಡ ಕಾದಂಬರಿಗೆ: ಪಡೆ ಹೊರಟಿದೆಯೆಂಬ ಸುದ್ದಿ ಒಂದು ಮುಂಗಾರಿನ ಮುಂಜಾನೆ ಹುಬ್ಬಳ್ಳಿಗೆ ಬಂದಾಗ, ಎಪಿಎಂಸಿಯಲ್ಲಿ ಅಂದಿನ ಮೆಣಸಿನಕಾಯಿ ಸವಾಲು ನಡೆಯುತ್ತದೋ ಇಲ್ಲವೋ ಎಂಬಲ್ಲಿಂದ ಅದು ಆರಂಭವಾಗಲಿ. ಬಂದವರು ಮೊದಲು ಕಳಿಸುವುದು ಬೆಂಕಿಯೋ ಕಾಗದವೋ ಎಂಬುದನ್ನು ಕಿತ್ತೂರನ್ನು ಬಲ್ಲ ಲೇಖಕ ಬೇರೆಯವರಿಗಿಂತ ಚೆನ್ನಾಗಿ ಬರೆಯಬಲ್ಲ.

ನಮ್ಮ ಕಡೆಯಿಂದಲೂ ಒಂದು ಪ್ರಯಾಣ ನಡೆದೇ ಇದೆ. ವಾಯೇಜರ್ ನೌಕೆಗಳೆರಡರಲ್ಲಿಯೂ ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಯೊಂದಿದೆ. ಅದರಲ್ಲಿ 55 ಭಾಷೆಗಳ ವಂದನೆಗಳಿದ್ದು, ಅವುಗಳಲ್ಲೊಂದು ಕನ್ನಡ: ಕನ್ನಡಿಗರ ಪರವಾಗಿ ಶುಭಾಶಯ ಕೋರುವ ಒಂದು ಚಿಕ್ಕ ವಾಕ್ಯ. ಅದರಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ ರಾಗದ ಮೂರೂವರೆ ನಿಮಿಷವೂ ಇದೆ; ಒಂಟಿಯಾಗಿ ಎಲ್ಲಿಗೆ ಹೊರಟೆ ಎಂದು ಕೇಳುವ ಹಾಡು. ಕೇಸರಬಾಯಿ ಜೈಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಶಿಷ್ಯೆ. ಅದೇ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿಖಾನ್ ಮತ್ತು ಭೂರ್ಜಿಖಾನರಲ್ಲಿ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು. ಮನಸೂರರ ಧ್ವನಿಮುದ್ರಿಕೆಗಳನ್ನು ಕೇಳುತ್ತ ಬೆಳೆದವನಿಗೆ ಆ ಘರಾಣೆಯ ತಾನ ನಕ್ಷತ್ರಗಳ ನಡುವಿನ ಕತ್ತಲಲ್ಲಿದೆ ಎಂಬುದು ಎಷ್ಟು ಬಾರಿ ನೆನೆದರೂ ಹಳತಾಗುವುದಿಲ್ಲ.

ವಾಯೇಜರ್ 1 ಯಾವ ನಕ್ಷತ್ರದ ಮನೆಬಾಗಿಲಿಗೂ ಹೋಗುತ್ತಿಲ್ಲ. ಸುಮಾರು 40 ಸಾವಿರ ವರ್ಷಗಳ ನಂತರ ಗ್ಲೀಸ 445 ಎಂಬ ನಕ್ಷತ್ರದಿಂದ ಒಂದೂವರೆ ಜ್ಯೋತಿರ್ವರ್ಷಕ್ಕೂ ಹೆಚ್ಚು ದೂರದಲ್ಲಿ ಅದು ಹಾದುಹೋಗುತ್ತದೆ. ಆ ನಕ್ಷತ್ರದ ಸುತ್ತ ಯಾರಾದರೂ ಇದ್ದರೆ, ಅವರ ಲೆಕ್ಕದಲ್ಲಿ ಅನ್ಯಲೋಕದವರು ನಾವು.

ಕಳೆದ ವಾರ ಗಾಡಿ ಮುಕ್ಕಾಲು ಗಂಟೆ ತಡವಾಗಿತ್ತು. ಸೂರ್ಯನನ್ನಿಟ್ಟ ತುದಿಯಿಂದ ಹೆಜ್ಜೆ ಎಣಿಸುತ್ತ ಏಳನೆಯ ಬೋಗಿ ನಿಲ್ಲುವ ಜಾಗದವರೆಗೆ ನಡೆದೆ. ವಾಯೇಜರ್ ಇಲ್ಲಿ ವರ್ಷಕ್ಕೆ ಮೂರೂವರೆ ಮೀಟರಿನಂತೆ ಮುಂದೆ ಸರಿಯುತ್ತದೆ. ನಾನು ಈ ಲೆಕ್ಕವನ್ನು ಹಾಕಲು ತೊಡಗಿದ ಮೇಲೆ ಅದು ಹತ್ತಿರ ಹತ್ತಿರ ಒಂದು ಬೆಂಚಿನಿಂದ ಮುಂದಿನ ಬೆಂಚಿಗೆ ಹೋಗಿರಬೇಕು. ಕುಂದಗೋಳದ ಕಡೆಯ ಹಳಿಗಳ ಮೇಲೆ ದೀಪ ಕಂಡಿತು. ತಂಗಿ ಇಳಿದವಳೇ, ಬೀರೂರಿನಲ್ಲಿ ಬಹಳ ಹೊತ್ತು ನಿಲ್ಲಿಸಿದರು ಅಂದಳು.